ಓಡಾಡಲು ಜಾಗ

ಕಣ್ಣು ಕಾಣದ ಮಕ್ಕಳ ಶಾಲೆಗೆ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕೊಡುವುದು ಸೊಸೆಯ ಕೆಲಸ. ವಿಜ್ಞಾನದ ಪುಸ್ತಕ ಅಂದು ಸಂಜೆ ನಾಲ್ಕಕ್ಕೆ ತಲುಪಬೇಕಿತ್ತು. ಸೋಮವಾರ ಮಕ್ಕಳಿಗೆ ಪರೀಕ್ಷೆ. ಇನ್ನೂ ಒಂದು ಪಾಠ ಬಾಕಿ. ಅವಳ ಎಂಟು ವರ್ಷದ ಲ್ಯಾಪ್‌ಟಾಪ್ ಮಾತ್ರ ಬೆಳಗಿನಿಂದ ಹಟ ಹಿಡಿದಿತ್ತು. ಒಂದೊಂದು ಪುಟದ ಓದು ಉಳಿಸುವಾಗಲೂ ಗರಬಡಿದಂತೆ ಐದು ನಿಮಿಷ ನಿಂತುಬಿಡುತ್ತಿತ್ತು.

ಫೋನಿನ ಸ್ಪೀಕರಿನಲ್ಲಿ ರಿಪೇರಿಯವನು, "ಫೈಲುಗಳನ್ನ ಇಟ್ಕೊಳ್ಳೋ ಎಸ್‌ಎಸ್‌ಡಿಗೆ ವಯಸ್ಸಾಯ್ತು ಮೇಡಂ. ನಾಳಿದ್ದು ತನ್ನಿ, ಹೊಸದು ಹಾಕೋಣ" ಎಂದ.

ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಅತ್ತೆಗೆ ಈ ಮಾತು ಕೇಳಿ ಚುರ್ ಎಂದಿತು.

"ವಯಸ್ಸಾಯ್ತು ಅಂದ್ಬಿಟ್ರೆ ಕಾರಣ ಹೇಳಿದ ಹಾಗಾಯ್ತಾ? ಸ್ವಲ್ಪ ಪಕ್ಕಕ್ಕೆ ಸರಿ, ನಾನು ನೋಡ್ತೀನಿ."

ಅತ್ತೆ ಮೂವತ್ತು ವರ್ಷ ಕಾರ್ಖಾನೆಯ ಗೋದಾಮು ನೋಡಿಕೊಂಡವರು. ಲ್ಯಾಪ್‌ಟಾಪ್ ಮುಟ್ಟಿದವರೇ ಅಲ್ಲ. ಗೋಡೆಯ ಗಡಿಯಾರದ ಮೇಲೆ ಒಂದು ಕಣ್ಣಿಟ್ಟು, ಆ ಫೈಲು ತೆರೆ, ಈ ಫೈಲು ಉಳಿಸು ಎಂದು ಸೊಸೆಯನ್ನು ಅರ್ಧ ಗಂಟೆ ಕುಣಿಸಿದರು. ಅವಳ ತಾಳ್ಮೆ ತಪ್ಪುವ ಹೊತ್ತಿಗೆ ಬಾಯಿಬಿಟ್ಟರು.

"ಇರೋ ಫೈಲು ತೆರೆಯೋದು ಸಲೀಸು. ಹೊಸದು ಇಡೋದೇ ಕಷ್ಟ. ಖಾಲಿ ಜಾಗ ಎಷ್ಟಿದೆ?"

ಸೊಸೆ ನೋಡಿದಳು. ನೂರರಲ್ಲಿ ಒಂದು ಪಾಲೂ ಇರಲಿಲ್ಲ.

"ಅಷ್ಟೇ ಕಣೇ. ಗೋದಾಮು ಕಂಠಮಟ್ಟ ತುಂಬಿದ್ರೆ ಒಂದು ಮೂಟೆ ಇಡೋಕೆ ಹತ್ತು ಮೂಟೆ ಸರಿಸ್ಬೇಕು. ಓಡಾಡೋಕೆ ಜಾಗ ಬೇಡ್ವಾ?"

ಸೊಸೆ ಬೆರಗಾಗಿ ಅವರನ್ನೇ ನೋಡಿದಳು. ರಿಪೇರಿಯವನು ಕೇಳದೇ ಬಿಟ್ಟ ಒಂದೇ ಪ್ರಶ್ನೆ ಅದು. ಇಂಥವರ ಜೊತೆ ಆರು ವರ್ಷ ಒಂದೇ ಮನೆಯಲ್ಲಿದ್ದೂ ಅವರ ಕಸುಬಿನ ಬಗ್ಗೆ ತಾನು ಒಂದು ಮಾತು ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ಏನು ತುಂಬಿದ್ದೀಯ ಇಷ್ಟೊಂದು?"

'ಕೆಟ್ಟವು' ಎಂಬ ಫೋಲ್ಡರಿನಲ್ಲಿ ಶಾಲೆಗೆ ಕಳಿಸದೆ ಬಿಟ್ಟ ಆರುನೂರ ನಲವತ್ತು ಫೈಲುಗಳಿದ್ದವು. ಸೊಸೆ ಹಿಂದುಮುಂದು ನೋಡುತ್ತಲೇ ಒಂದನ್ನು ಹಾಕಿದಳು. ಎಲೆಗಳ ಪಾಠ ಓದುವ ಅವಳ ದನಿ, ನಡುವೆ ಬಾಗಿಲು ಕಿರುಗುಟ್ಟಿದ ಸದ್ದು, ಆಮೇಲೆ ಅತ್ತೆಯದೇ ಮಾತು: "ಗಂಟಲು ಒಣಗಿದೆ, ಬಿಸಿನೀರು ಕುಡಿ." ಇನ್ನೊಂದರಲ್ಲೂ ಬಾಗಿಲು, ಅತ್ತೆ: "ಸಾಕು, ಸ್ವಲ್ಪ ಬೆನ್ನು ಚಾಚು."

"ನಮ್ಮಮ್ಮ ಹೋದ್ಮೇಲೆ ಅವಳ ದನಿ ಒಂದೂ ಉಳೀಲಿಲ್ಲ ಅತ್ತೆ," ಎಂದಳು ಸೊಸೆ. "ಅದಕ್ಕೆ ನಿಮ್ಮದನ್ನ ಅಳಿಸೋಕೆ ಮನಸ್ಸು ಬರ್ಲಿಲ್ಲ."

ಅತ್ತೆ ಮಡಿಸಿದ್ದ ಟವೆಲನ್ನೇ ಬಿಡಿಸಿ ಮತ್ತೆ ಮಡಿಸಿದರು.

"ಗೋದಾಮಲ್ಲಿ ಪ್ರತಿ ಸರಕಿಂದೂ ಒಂದು ಮಾದರಿ ಎತ್ತಿಡ್ತಿದ್ವಿ. ಒಂದು ಇಟ್ಕೋ, ಉಳಿದದ್ದು ತೆಗಿ. ನಾನು ಇಲ್ಲೇ ಇದ್ದೀನಲ್ಲ."

ಬಿಸಿನೀರಿನದನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಸೊಸೆ ಅಳಿಸಿದಳು. ಲ್ಯಾಪ್‌ಟಾಪಿನ ಕಸದ ಬುಟ್ಟಿಯನ್ನೂ ಬರಿದು ಮಾಡಿ, ಒಳಗೆ ಜಾಗ ಸರಿಮಾಡಿಕೊಳ್ಳಲಿ ಎಂದು ಊಟ ಮುಗಿಯುವವರೆಗೆ ಯಂತ್ರವನ್ನು ಅದರ ಪಾಡಿಗೆ ಬಿಟ್ಟಳು. ಆಮೇಲೆ ಪುಟಗಳು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಉಳಿಯತೊಡಗಿದವು.

ಮೂರೂವರೆಗೆ ಅವಳು ಕೊನೆಯ ಪುಟ ಓದಿ ಮುದ್ರಿಸುತ್ತಿದ್ದಾಗ ಬಾಗಿಲು ಕಿರುಗುಟ್ಟಿತು.

"ಮುಗೀತೇನೇ? ತಗೋ, ಬಿಸಿನೀರು."

ಸೊಸೆ ನಕ್ಕು ನೀರು ಕುಡಿದಳು. ಆಗಷ್ಟೇ ಅತ್ತೆಯ ದನಿ ಸೇರಿಕೊಂಡ ಫೈಲನ್ನು ಅಳಿಸಿ, ಪುಟವನ್ನು ಮೊದಲಿನಿಂದ ಓದಲು ಶುರುಮಾಡಿದಳು.