ಎಳೆಯುವ ಹೆಜ್ಜೆ

ಎಡಗಾಲು ಏಳಲಿಲ್ಲ. ಏಳು ಎಂದು ಅವಳು ಹೇಳಿದ್ದಳು, ಅದು ಕೇಳಿಸಿಕೊಳ್ಳಲಿಲ್ಲ, ಅಷ್ಟೆ. ಹೆಬ್ಬೆರಳು ಮರದ ನೆಲವನ್ನು ಕೆರೆದುಕೊಂಡು ಬಂತು.

ತಾಲೀಮು ಕೋಣೆಯಲ್ಲಿ ನರ್ತಕರೆಲ್ಲ ಹೆಜ್ಜೆ ಹೇಳಿಕೊಡುತ್ತಿದ್ದ ಅವಳ ಪಾದವನ್ನೇ ನೋಡುತ್ತಿದ್ದರು.

"ಅಕ್ಕಾ, ಇನ್ನೊಂದ್ಸಲ ತೋರಿಸ್ತೀರಾ?" ಎಂದಳು ಕಡ್ಡಿ. ತೆಳ್ಳಗಿದ್ದುದಕ್ಕೆ ಗುಂಪು ಇಟ್ಟ ಹೆಸರು. "ಆ ಎಳೆಯೋದು. ಚೆನ್ನಾಗಿದೆ."

"ನನ್ನ ಕಾಲೆಳೀತಿದೀಯಾ?"

"ನೀವೇ ಎಳೀತಿದೀರಲ್ಲ, ಅಕ್ಕಾ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮತ್ತೆ ತೋರಿಸಿದಳು. ತೋರಿಸದೆ ಇರಲು ಆಗುತ್ತಲೂ ಇರಲಿಲ್ಲ.

ಈಚೆಗೆ ಎಡಗಾಲಿನ ಚಪ್ಪಲಿ ತಾನಾಗಿ ಕಳಚಿಕೊಳ್ಳುತ್ತಿತ್ತು. ಮೆಟ್ಟಿಲಲ್ಲಿ ಬೆರಳು ಎಡವುತ್ತಿತ್ತು.

ವರ್ಷಗಟ್ಟಲೆ ಅವಳು ಸದ್ದಿಲ್ಲದೆ ಕೆಲಸ ಮಾಡಿದ್ದಳು. ಬೇರೆಯವರ ಮೈಗೆ ನೃತ್ಯ ಸಂಯೋಜಿಸಿ, ಪ್ರದರ್ಶನದ ಹೊತ್ತಿಗೆ ಪರದೆಯ ಹಿಂದೆ ಸರಿದುಬಿಡುವುದು. ಚಪ್ಪಾಳೆ ಪಕ್ಕದ ಮನೆಯ ಸಂಭ್ರಮದ ಹಾಗೆ ಕೇಳಿಸುತ್ತಿತ್ತು. ಅದರಲ್ಲೊಂದು ನೆಮ್ಮದಿಯಿತ್ತು. ಯಾರೂ ನೋಡದವಳು ಬಿದ್ದರೂ ಬಿದ್ದ ಹಾಗಲ್ಲ.

ಊಟದ ಬಿಡುವಿನಲ್ಲಿ ಗಂಡ ಫೋನ್ ಮಾಡಿದ.

"ಡಾಕ್ಟರ್ ಹತ್ರ ಹೋದ್ಯಾ?"

"ಹೂಂ."

"ಏನಂದ್ರು?"

"ಸುಸ್ತಂತೆ."

"ನಿಮ್ಮಮ್ಮನ ವಿಷಯ ಹೇಳಿದ್ಯಾ?"

"ಇಲ್ಲಿ ಗಲಾಟೆ. ಆಮೇಲೆ ಮಾಡ್ತೀನಿ."

ಕೋಣೆಯಲ್ಲಿ ಗಲಾಟೆಯೇನೂ ಇರಲಿಲ್ಲ. ಅಮ್ಮನಿಗೂ ಶುರುವಾದದ್ದು ಪಾದದಿಂದಲೇ. ಆಮೇಲೆ ಮೊಣಕಾಲು, ಕೈ, ನಾಲಗೆ. ಕಣ್ಣುಗಳು ಮಾತ್ರ ಕೊನೆಯವರೆಗೂ ಓಡಾಡಿಕೊಂಡಿದ್ದವು.

ಮಧ್ಯಾಹ್ನ ರಂಗಮಂದಿರದ ಮುಖ್ಯಸ್ಥ ಬಂದ. ಎಂದೂ ಅವಳ ತಾಲೀಮಿಗೆ ಬಂದವನಲ್ಲ. ನಿಂತು ಆ ಎಳೆಯುವ ಹೆಜ್ಜೆ ನೋಡಿದ.

"ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ? ಇಡೀ ಪ್ರದರ್ಶನ ಇದರ ಮೇಲೇ ನಿಲ್ಲಲಿ."

"ನಿಲ್ಲಲ್ಲ," ಎಂದಳು.

ಅವನಿಗೆ ಅದು ವಿನಯವಾಗಿ ಕಂಡಿತು. ಬೆನ್ನು ತಟ್ಟಿ ಹೋದ.

ಸಂಜೆಯ ಹೊತ್ತಿಗೆ ನರ್ತಕರು ಅವಳಿಗಿಂತ ಚೆನ್ನಾಗಿ ಎಳೆಯತೊಡಗಿದ್ದರು.

"ಮುಂದೆ ಮೊಣಕಾಲು ಸ್ವಲ್ಪ ಸೋಲ್ಬೇಕಲ್ವಾ, ಅಕ್ಕಾ?" ಎಂದಳು ಕಡ್ಡಿ.

ಅವಳ ಮೊಣಕಾಲು ಇನ್ನೂ ಸೋತಿರಲಿಲ್ಲ. ಕಡ್ಡಿ ಸೋಲಿಸಿ ತೋರಿಸಿದಳು. ಥೇಟ್ ಅಮ್ಮ.

"ಸಾಕು. ಇದು ಹೆಜ್ಜೆಯಲ್ಲ."

ಸಂಗೀತದಲ್ಲಿ ಅವಳ ಮಾತು ಯಾರಿಗೂ ಕೇಳಿಸಲಿಲ್ಲ. ಅವಳು ಬಾಗಿಲ ಕಡೆ ನಡೆದಳು. ಬೆನ್ನ ಹಿಂದೆ ನೆಲ ಕೆರೆಯುವ ಸದ್ದು. ಬಾಗಿಲ ಪಕ್ಕದ ಗೋಡೆಗನ್ನಡಿಯಲ್ಲಿ ನೋಡಿದಳು: ಇದೂ ನೃತ್ಯದ ಭಾಗವೆಂದುಕೊಂಡು ಎಲ್ಲರೂ ಸಾಲಾಗಿ ಅವಳ ಹಿಂದೆ ಬರುತ್ತಿದ್ದರು. ಬೇಗ ನಡೆದಳು. ಅವರೂ ಬೇಗ ಬಂದರು.

ಬಾಗಿಲ ಹಿಡಿಯ ಮೇಲೆ ಕೈಯಿಟ್ಟಳು. ಹಿಂದೆ ಅಷ್ಟೂ ಜನ ಕೈ ಚಾಚಿದರು.

ಇನ್ನು ಬೆರಳು ಮಡಚಬೇಕು. ಮಡಚಿ ನೋಡಲು ಧೈರ್ಯವಾಗದೆ ಹಾಗೇ ನಿಂತಳು. ಕನ್ನಡಿಯ ತುಂಬ ಕೈಗಳು, ಬೆರಳು ಬಿಡಿಸಿಕೊಂಡು, ಗಾಳಿಯಲ್ಲಿ ಕಾಯುತ್ತಿದ್ದವು.