ಶಾಲೆಯ ಡೊಂಕು ತೊಲೆ

ನಾನೊಂದು ಉಕ್ಕಿನ ತೊಲೆ. ಕೆಂಪಗೆ ಕಾದು, ದೊಡ್ಡ ಉರುಳೆಗಳ ನಡುವೆ ನುಗ್ಗಿ, ಇಂಗ್ಲಿಷಿನ ಐ ಅಕ್ಷರದ ಆಕಾರ ಪಡೆದು ಹೊರಬಂದೆ. ನಾನು ಆರುವಷ್ಟರಲ್ಲಿ ಯಾರೋ ನನ್ನ ತುದಿಯ ಒಂದು ತುಂಡನ್ನು ಕತ್ತರಿಸಿಕೊಂಡು ಹೋಗಿ, ಯಂತ್ರಕ್ಕೆ ಸಿಕ್ಕಿಸಿ, ಅದು ಹರಿಯುವವರೆಗೆ ಎಳೆದು ನೋಡಿದರು. ಆ ತುಂಡು ಎಷ್ಟು ತಾಳಿತೆಂದು ತಿಳಿದ ಮೇಲೆಯೇ ನನ್ನನ್ನು ಹೊರಗೆ ಬಿಟ್ಟದ್ದು. ಹುಟ್ಟಿದಾಗಲೇ ನನ್ನನ್ನು ಸಂಶಯದಿಂದ ನೋಡಿದ ಈ ಮನುಷ್ಯರನ್ನು ನಾನೂ ಬೇಗ ನಂಬಲಿಲ್ಲ.

ಲಾರಿ ನನ್ನನ್ನು ಗದಗಿನ ದಾವಲಸಾಬ ಲೋಹಾರನ ಶೆಡ್ಡಿಗೆ ತಂದಿತು. ನನ್ನನ್ನು ಇಳಿಸುವಾಗ ಸರಪಳಿ ನಾಟಬಾರದೆಂದು ಅವನು ಗೋಣಿಚೀಲ ಮಡಿಸಿ ನಡುವೆ ಇಟ್ಟ. ಉಕ್ಕಿಗೂ ನೋವಾಗುತ್ತದೆಂದು ತಿಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೂ ಇವನಿಗೆ ನನ್ನಿಂದ ಏನು ಬೇಕಾಗಿದೆಯೋ ಎಂದು ಅನುಮಾನಪಟ್ಟೆ.

ಅವನಿಗೆ ಬೇಕಾದದ್ದು ಬಹಳವೇ ಇತ್ತು. ಅಷ್ಟು ವರ್ಷ ಗೇಟು, ಕಿಟಕಿ ಸರಳು ಮಾಡಿಕೊಂಡಿದ್ದವನಿಗೆ ಮೊದಲ ಬಾರಿ ಒಂದು ಕಟ್ಟಡದ ಉಕ್ಕಿನ ಚೌಕಟ್ಟು ಸಿಕ್ಕಿತ್ತು. ಹೆಣ್ಣುಮಕ್ಕಳ ಹೈಸ್ಕೂಲಿನ ಸಭಾಂಗಣ, ನಡುವೆ ಕಂಬವಿಲ್ಲ, ಮೇಲೆ ಗ್ರಂಥಾಲಯ. ಇದು ಸರಿಹೋದರೆ ಹಾಸ್ಟೆಲಿನ ಕೆಲಸವೂ ಅವನದೇ ಎಂದು ಶಾಲೆಯ ಚೇರ್ಮನ್ನರು ಹೇಳಿದ್ದರು. ಸರಿಹೋಗದಿದ್ದರೆ ಮತ್ತೆ ಗೇಟುಗಳೇ.

ಕಂಬ, ತೊಲೆಗಳ ಲೆಕ್ಕವನ್ನೆಲ್ಲ ಹಾಕಿದವರು ಧಾರವಾಡದ ಇಂಜಿನಿಯರ್ ವತ್ಸಲಾ ಕಟ್ಟಿ. ಒಂದು ದಿನ ಅವರು ಬಂದು ನನ್ನ ನಡುವನ್ನು ಎರಡು ಬೆರಳಷ್ಟು ಮೇಲೆತ್ತಬೇಕೆಂದರು. ದಾವಲಸಾಬ ಗ್ಯಾಸಿನ ಉರಿ ಹಿಡಿದು ನನ್ನ ಕೆಳಗಿನ ಅಂಚನ್ನು ಅಲ್ಲಲ್ಲಿ ಕಾಸಿದ. ಮೊದಲು ನಾನು ಕೆಳಕ್ಕೇ ಜಗ್ಗಿದೆ. ನನ್ನ ಕಥೆ ಮುಗಿಯಿತು, ಇವರಿಬ್ಬರೂ ಸೇರಿ ನನ್ನನ್ನು ಕೆಡಿಸಿದರು ಅಂದುಕೊಂಡೆ. ಅವನು ನೀರು ಸುರಿಯದೆ, ಬೀಡಿ ಸೇದುತ್ತ, ನಾನು ತಾನಾಗಿ ಆರುವವರೆಗೆ ಕಾದ. ಆರುತ್ತ ಆರುತ್ತ ನನ್ನ ನಡು ಮೇಲಕ್ಕೆದ್ದಿತು. ನೆಟ್ಟಗೆ ಹುಟ್ಟಿದವನನ್ನು ಏಕೆ ಬಗ್ಗಿಸಿದರೆಂದು ಮಾತ್ರ ಯಾರೂ ನನಗೆ ಹೇಳಲಿಲ್ಲ.

ಚೇರ್ಮನ್ ಬಸವಂತಪ್ಪ ಅಕ್ಕಿಯವರು ಕಾಳಿನ ವ್ಯಾಪಾರಿ. ಚೀಲಕ್ಕೆ ಕೊಳವೆ ಚುಚ್ಚಿ ಒಳಗಿನ ಕಾಳು ನೋಡದೆ ಕೊಂಡವರಲ್ಲ. ನನ್ನನ್ನು ಶಾಲೆಯ ಅಂಗಳದಲ್ಲಿ ಇಳಿಸಿದ ಕೂಡಲೇ ನನ್ನ ತುದಿಯಿಂದ ತುದಿಗೆ ದಾರ ಎಳೆಸಿದರು. ನಡುವೆ ಎರಡು ಬೆರಳು ತೂರುವಷ್ಟು ಸಂದು.

"ಡೊಂಕೈತಲ್ಲೋ ದಾವಲಸಾಬ. ಯಾವುದೋ ಹಳೇ ಗೋದಾಮಿಂದು ತಂದು ಬಣ್ಣ ಬಳದೀಯೇನು?"

"ಬೇಕಂತಲೇ ಮಾಡೇನ್ರಿ ಸಾವಕಾರ್ರ. ಇಂಜಿನಿಯರ್ ಬಾಯಾರು ಹೇಳ್ಯಾರ."

ಬೇಕೆಂದು ಡೊಂಕು ಮಾಡಿದ್ದೇನೆ ಎಂಬ ಮಾತು ಅವರ ಅನುಮಾನವನ್ನು ಇನ್ನಷ್ಟು ಬೆಳೆಸಿತು. ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದ ಸೂಪರ್‌ವೈಸರ್ ನನ್ನನ್ನು ಮಗುಚಿ ಹಾಕಿದರೆ ಸರಿಹೋದೀತು ಎಂದ. ದಾವಲಸಾಬ ಮಗುಚಲು ಬಿಡದೆ ನನ್ನ ಮೇಲೆಯೇ ಹತ್ತಿ ಕುಳಿತ. ವತ್ಸಲಾ ಬರುವವರೆಗೆ ಇಳಿಯಲಿಲ್ಲ.

ಅವರು ಬಂದು ಚೇರ್ಮನ್ನರಿಗೆ ತಿಳಿಸಿ ಹೇಳಿದರು. ಹಗ್ಗದ ಹೊರಸಿನ ಮೇಲೆ ಕುಂತರೆ ನಡು ಇಳಿಯುತ್ತದಲ್ಲ, ಹಾಗೆಯೇ ಮೇಲಿನ ಗ್ರಂಥಾಲಯದ ನೆಲದ ಭಾರಕ್ಕೆ ಈ ತೊಲೆಯೂ ಇಳಿಯುತ್ತದೆ, ಇಳಿದಾಗ ಮಟ್ಟಕ್ಕೆ ಬರಲೆಂದೇ ಮೊದಲು ಎತ್ತಿ ಇಟ್ಟದ್ದು, ಎಂದು.

"ಅದಕ್ಕಂತ ಯಾರರ ಡೊಂಕು ಹೊರಸು ಕೊಂಡು ತರತಾರೇನ್ರಿ ಬಾಯಾರ?" ಎಂದರು ಚೇರ್ಮನ್ನರು.

ಸುತ್ತಲಿದ್ದವರು ನಕ್ಕರು. ವತ್ಸಲಾ ಕೂಡ ನಕ್ಕು, ಮೆಲ್ಲಗೆ ಅಂದರು: "ತಪ್ಪಾದ್ರ ಅದು ನಂದು, ಅಕ್ಕಿಯವರ. ಅವರ ಮ್ಯಾಲೆ ಹಾಕಬ್ಯಾಡ್ರಿ."

ದಾವಲಸಾಬ ತಲೆ ತಗ್ಗಿಸಿ ಕೈ ಒರೆಸಿಕೊಂಡ. ಅವನ ಪಾಲಿನ ಬೈಗುಳವನ್ನು ಇನ್ನೊಬ್ಬರು ಕೇಳಿ ಪಡೆದದ್ದನ್ನು ಅವನು ಮೊದಲು ನೋಡಿರಲಾರ.

ನನ್ನನ್ನು ಮೇಲೇರಿಸಿ ಬೋಲ್ಟು ಬಿಗಿದರು. ನನ್ನ ಮೇಲೆ ಕಾಂಕ್ರೀಟು ಸುರಿದರು. ಆ ಭಾರಕ್ಕೆ ನಾನು ಜಗ್ಗಿದೆ. ಅದು ಗಟ್ಟಿಯಾದ ಮೇಲೆ ಚೇರ್ಮನ್ನರು ಮತ್ತೆ ದಾರ ಹಿಡಿಸಿದರು. ಇನ್ನೂ ಒಂದು ಬೆರಳು ಸಂದು ಉಳಿದಿತ್ತು. ನೆಲದ ಕಲ್ಲು, ಪುಸ್ತಕದ ಕಪಾಟು ಬರಬೇಕಲ್ಲ, ತಡೆಯಿರಿ ಎಂದರು ವತ್ಸಲಾ. ಆಗ ನನಗೂ ಅವರ ಮೇಲೆ ಸಂಶಯ ಬಂತು. ಕೆಟ್ಟದ್ದನ್ನು ಮುಚ್ಚಲು ನಾಳೆ ನಾಳೆ ಎನ್ನುವವರು ಲೋಕದಲ್ಲಿ ಕಡಿಮೆಯೇ? ಚೇರ್ಮನ್ನರು ಅಷ್ಟು ದಿನ ಕಾಯಲಿಲ್ಲ. ವಾರ ಕಳೆಯುವಷ್ಟರಲ್ಲಿ ಹುಬ್ಬಳ್ಳಿಯ ಯಾರೋ ಗುತ್ತಿಗೆದಾರರು ಬಂದು ಹಾಸ್ಟೆಲಿನ ಜಾಗ ಅಳೆದುಕೊಂಡು ಹೋದರು. ಮೆಟ್ಟಿಲಿಗೆ ಕಂಬಿ ಜೋಡಿಸುತ್ತಿದ್ದ ದಾವಲಸಾಬ ಕಿಟಕಿಯಿಂದ ಅದನ್ನು ನೋಡಿದ. ಕಂಬಿಯನ್ನು ಮಾತ್ರ ಕೆಡಿಸದೆ ಮುಗಿಸಿ, ಹುಡುಗಿಯರ ಕೈಗೆ ತರಚೀತೆಂದು ಅದರ ತುದಿಯನ್ನು ಅರದಿಂದ ಉಜ್ಜಿ ನುಣುಪು ಮಾಡಿ ಹೋದ. ಮತ್ತೆ ಬರಲಿಲ್ಲ.

ಶಹಾಬಾದ್ ಕಲ್ಲು ಹಾಸಿದರು. ಕಪಾಟುಗಳು ಬಂದವು, ಪುಸ್ತಕಗಳು ಬಂದವು. ಒಂದೊಂದು ಭಾರಕ್ಕೂ ನಾನು ಕೂದಲೆಳೆಯಷ್ಟು ತಗ್ಗುತ್ತ ಹೋದೆ.

ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಚೇರ್ಮನ್ನರು ಒಬ್ಬರೇ ಬಂದರು. ಏಣಿ ಹತ್ತಿ, ದಾರದ ತುದಿ ಕಟ್ಟಿ, ಇಳಿದು, ಏಣಿಯನ್ನು ಎಳೆದುಕೊಂಡು ಹೋಗಿ ಇನ್ನೊಂದು ತುದಿ ಕಟ್ಟಿದರು. ದಾರ ನನ್ನ ಉದ್ದಕ್ಕೂ ಅಂಟಿ ಕುಳಿತಿತು. ಉಗುರು ತೂರಿಸಲು ನೋಡಿದರು, ತೂರಲಿಲ್ಲ. ಅಲ್ಲಿಂದಲೇ ಜವಾನನನ್ನು ಕೂಗಿ ದಾವಲಸಾಬನನ್ನು ಕರೆಸಿದರು.

"ಯಾರಿಗೂ ತಿಳಿಸದಂಗ ಬಂದು ಬಡದು ನೆಟ್ಟಗ ಮಾಡೀಯೇನೋ?"

"ಇಷ್ಟು ಪುಸ್ತಕ ಹೊತ್ತಿದ್ದನ್ನ ಬಡಿಯೂ ತಾಕತ್ತು ನನಗೆಲ್ಲೈತ್ರಿ."

ಚೇರ್ಮನ್ನರು ದಾರ ಸುತ್ತಿ ಜೇಬಿಗೆ ಹಾಕಿಕೊಂಡರು. ಏಣಿಯನ್ನು ಎಳೆದು ಗೋಡೆಗೆ ಒರಗಿಸಿದರು.

"ಹಾಸ್ಟೆಲಿನ ತೊಲಿ ಯಾವಾಗ ಡೊಂಕು ಮಾಡತೀ?" ಎಂದರು ಕೊನೆಗೆ.

ಇದೆಲ್ಲ ಆಗಿ ಬಹಳ ಕಾಲವಾಯಿತು. ಈಗ ನನಗೆ ವಯಸ್ಸಾಗಿದೆ, ಬೋಲ್ಟುಗಳ ಸುತ್ತ ತುಕ್ಕು ಹಿಡಿದಿದೆ. ಯಾರಾದರೂ ಬಂದು ಸುತ್ತಿಗೆಯಿಂದ ತಟ್ಟಿದರೆ ಇಂದಿಗೂ ನನಗೆ ದಿಗಿಲು. ಹಾಸ್ಟೆಲು ಎದ್ದು ನಿಂತ ಮೇಲೂ ಅಕ್ಕಿಯವರು ಪ್ರತಿ ಸಮಾರಂಭದಲ್ಲಿ ನನ್ನ ಕೆಳಗೆ ಕೂರದೆ ಗೋಡೆಯ ಪಕ್ಕದ ಕುರ್ಚಿಯನ್ನೇ ಹಿಡಿಯುತ್ತಿದ್ದರು. ನಾನು ಅದನ್ನು ತಪ್ಪೆನ್ನುವುದಿಲ್ಲ. ನಂಬಿಕೆ ಬರುವುದು ನಿಧಾನ, ನನಗೂ ಹಾಗೆಯೇ ಬಂತು.

ದಾವಲಸಾಬ ತೀರಿಕೊಂಡ ವರ್ಷ ಶಾಲೆಯವರು ಇಲ್ಲಿ ಸಭೆ ಸೇರಿಸಿ ಅವನನ್ನು ನೆನೆದರು. ಅಕ್ಕಿಯವರು ಕೋಲೂರಿಕೊಂಡು ಬಂದರು. ಗೋಡೆಯ ಕಡೆ ಕರೆದೊಯ್ಯುತ್ತಿದ್ದ ಮೊಮ್ಮಗಳ ಕೈ ಬಿಡಿಸಿಕೊಂಡು, ಸಭಾಂಗಣದ ನಟ್ಟನಡುವೆ, ನೇರ ನನ್ನ ಕೆಳಗೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಮೇಲೆ ನೋಡಲಿಲ್ಲ.