ಗಿರಣಿ ಟೀಮಿನ ಗಂಗುಲಪ್ಪ

ಮಂಚೇನಹಳ್ಳಿಯ ಆವಲಪ್ಪನವರ ಮನೆಯ ಗಂಡಸರೆಲ್ಲ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವವರು. ಅವರ ಕಿರಿಯ ಮಗ ಗಂಗುಲಪ್ಪ ಮಾತ್ರ ಎತ್ತರದಲ್ಲಿ ತಾಯಿಯನ್ನು ಹೋಲುತ್ತಿದ್ದ. ಚಿಕ್ಕಬಳ್ಳಾಪುರದ ಕಾಲೇಜಿಗೆ ಸೇರುವ ಹೊತ್ತಿಗೂ ಅವನು ಐದಡಿ ಮೂರಂಗುಲ ದಾಟಿರಲಿಲ್ಲ. “ಇನ್ನೂ ಬೆಳೀತಾನೆ ಬಿಡಿ, ನಮ್ಮಣ್ಣ ಮದುವೆ ಆದ್ಮೇಲೂ ಬೆಳೆದ” ಎಂದು ಅವನ ತಾಯಿ ಅಮ್ಮಾಜಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. ಅವನು ಬೆಳೆಯಲಿಲ್ಲ.

ಅದು ಐವತ್ತೆಂಟನೇ ಇಸವಿ. ಕಾಲೇಜಿನ ಹಿಂದೆ ಕೆಮ್ಮಣ್ಣಿನ ಮೈದಾನವಿತ್ತು. ಡ್ರಿಲ್ ಮೇಷ್ಟ್ರು ವೆಂಕಟರವಣಪ್ಪನವರು ಅದರ ಎರಡು ತುದಿಗೂ ಕಂಬ ನೆಡಿಸಿ, ಹಲಗೆ ಬಡಿಸಿ, ಕಮ್ಮಾರನ ಹತ್ತಿರ ಮಾಡಿಸಿದ ಕಬ್ಬಿಣದ ಬಳೆ ಹಾಕಿಸಿದ್ದರು. ಗಂಗುಲಪ್ಪ ಅಲ್ಲಿಗೆ ಹೋಗುತ್ತಿದ್ದದ್ದು ಖೊಖೊ ಆಡಲು. ಒಂದು ಸಂಜೆ ಬ್ಯಾಸ್ಕೆಟ್‌ಬಾಲ್‌ಗೆ ಒಬ್ಬ ಆಟಗಾರ ಕಡಿಮೆ ಬಿದ್ದ.

“ಆ ಖೊಖೊ ಹುಡುಗನ್ನ ಕರೀರೋ, ತಲೆ ಲೆಕ್ಕಕ್ಕೆ ಆಗ್ತಾನೆ” ಎಂದರು ಮೇಷ್ಟ್ರು.

ಶಿಡ್ಲಘಟ್ಟದ ಚೆನ್ನರಾಯಪ್ಪ ಆ ಟೀಮಿನಲ್ಲೆಲ್ಲ ಎತ್ತರದವನು. ಅವನ ಮನೆಯಲ್ಲಿ ತೆಲುಗು. ಕನ್ನಡ ಆಡಿದರೂ ರಾಗ ಮಾತ್ರ ತೆಲುಗಿನದೇ. “ಏಂದಿ ಸಾರ್ ಇದಿ? ಈ ಪೊಟ್ಟೋನಿಗೆ ಬಳೆ ಕಾಣಿಸ್ತದಾ ಅಂತ ಮೊದ್ಲು ಕೇಳಿ” ಎಂದು ಆ ಕುಳ್ಳನನ್ನು ನೋಡಿ ನಕ್ಕ.

ಬಳೆಯ ಕಡೆ ಗಂಗುಲಪ್ಪ ನೋಡಲೇ ಇಲ್ಲ. ಖೊಖೊ ಆಡಿ ಆಡಿ, ಓಡುವವನ ಸೊಂಟ ನೋಡಿಯೇ ಅವನು ಎತ್ತ ತಿರುಗುತ್ತಾನೆಂದು ತಿಳಿಯುವ ಅಭ್ಯಾಸ ಅವನಿಗಾಗಿತ್ತು. ಚೆಂಡು ಕುಟ್ಟಿಕೊಂಡು ಅವನ ಪಕ್ಕದಲ್ಲಿ ಹಾದುಹೋದವರ ಕೈಯಿಂದೆಲ್ಲ ಚೆಂಡು ಮಾಯವಾಗತೊಡಗಿತು. ಚೆನ್ನರಾಯಪ್ಪನಂತೂ ಖಾಲಿ ನೆಲದ ಮೇಲೆ ಕೈಯಾಡಿಸಿ, ಚೆಂಡೆಲ್ಲಿ ಹೋಯಿತೆಂದು ಸುತ್ತ ನೋಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಟ ಮುಗಿದ ಮೇಲೆ ವೆಂಕಟರವಣಪ್ಪನವರು ಅವನನ್ನು ಪಕ್ಕಕ್ಕೆ ಕರೆದರು. “ನೋಡಪ್ಪ, ಮೇಲ್ಗಡೆ ಚೆಂಡು ಉದ್ದದೋರ್ದು. ಅದಕ್ಕೆ ಆಸೆ ಪಡಬೇಡ. ಸೊಂಟದಿಂದ ಕೆಳಗೆ ಬಂದದ್ದು ಯಾರ್ದು?”

“ನಂದು, ಸಾರ್.”

“ಹಾ. ನಾಳೆಯಿಂದ ನೀನು ಗಾರ್ಡು. ಚೆಂಡು ತರೋದು, ಬೇಕಾದೋರಿಗೆ ಕೊಡೋದು. ಅದೇ ನಿನ್ನ ಕೆಲಸ.”

ಸಂಕ್ರಾಂತಿ ರಜೆಗೆ ಮೇಷ್ಟ್ರು ಒಂದು ಹಳೇ ಚೆಂಡು ಕೊಟ್ಟು ಕಳಿಸಿದರು. ಊರಿನಲ್ಲಿ ಚೆಂಡು ಪುಟಿಯುವಂಥ ಗಟ್ಟಿ ನೆಲ ಇದ್ದದ್ದು ರಾಗಿ ಒಕ್ಕುವ ಕಣದಲ್ಲಿ ಮಾತ್ರ. ಅಮ್ಮಾಜಮ್ಮ ಸಗಣಿ ಹಾಕಿ ಸಾರಿಸಿ ಹೋಗಿದ್ದ ಕಣದ ತುಂಬ ಬೆಳಗಾಗುವಷ್ಟರಲ್ಲಿ ದುಂಡು ದುಂಡು ಗುರುತು. ಅವರು ಪೊರಕೆ ಹಿಡಿದು ಬಂದರು. ಆವಲಪ್ಪನವರು ನಡುವೆ ಬಂದು, “ಇರಲಿ ಬಿಡೇ, ಕಲ್ಲುಗುಂಡು ಉರುಳಿಸೋ ಕೆಲಸ ಸ್ವಲ್ಪ ಉಳೀತು” ಎಂದರು. ಆಮೇಲೆ ಮಗನ ಕಡೆ ತಿರುಗಿ, “ನಿನ್ನ ಎದುರಿಗೆ ನಿಲ್ಲೋರು ಎಷ್ಟುದ್ದ ಇರ್ತಾರೋ?” ಎಂದು ಕೇಳಿದರು. ಅವನು ಕೈಯೆತ್ತಿ ತೋರಿಸಿದ. ಅವರು ಒಂದು ಗಳಕ್ಕೆ ಮೊರ ಕಟ್ಟಿಕೊಂಡು ಬಂದು ಕಣದ ಮಧ್ಯೆ ಎತ್ತಿ ಹಿಡಿದು ನಿಂತರು. ರಜೆ ಮುಗಿಯುವವರೆಗೂ ಅಪ್ಪ ಮೊರ ಹಿಡಿದು ಅಡ್ಡಾಡುವುದು, ಮಗ ಅದರ ಮೇಲಿಂದ ಚೆಂಡು ಹಾರಿಸುವುದು ನಡೆಯಿತು. ಬಣವೆಯ ಮೇಲೆ ಕೂತು ನೋಡಲು ಊರವರೂ ಬರತೊಡಗಿದರು.

ಕಾಲೇಜಿನ ಕೊನೆಯ ವರ್ಷದ ಹೊತ್ತಿಗೆ ಗಂಗುಲಪ್ಪ, ಚೆನ್ನರಾಯಪ್ಪ ಒಬ್ಬರನ್ನೊಬ್ಬರು ಬಿಟ್ಟಿರದ ಗೆಳೆಯರಾಗಿದ್ದರು. ಇವನು ಚೆಂಡು ತಂದು ಬಳೆಯ ಹತ್ತಿರ ಎಸೆಯುವುದು, ಅವನು ಜಿಗಿದು ಹಿಡಿದು ಒಳಗೆ ಹಾಕುವುದು. ಸುತ್ತಮುತ್ತಲ ಯಾವ ಟೀಮಿಗೂ ಈ ಜೋಡಿಯನ್ನು ತಡೆಯಲು ಆಗುತ್ತಿರಲಿಲ್ಲ.

ಆಗ ಗೌರಿಬಿದನೂರಿನಲ್ಲಿ ಒಂದು ನೂಲಿನ ಗಿರಣಿ ಶುರುವಾಗಿತ್ತು. ಅದರ ಯಜಮಾನರಿಗೆ ಆಟದ ಹುಚ್ಚು. ಸಿಮೆಂಟಿನ ಅಂಗಳ ಹಾಕಿಸಿ, ಆಟಗಾರರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾರೆಂಬ ಸುದ್ದಿ ಬಂತು. ಬೆಳಿಗ್ಗೆ ಹೆಸರಿಗೆ ಆಫೀಸು, ಮಧ್ಯಾಹ್ನದಿಂದ ಆಟ. ಗೆಳೆಯರಿಬ್ಬರೂ ಬಸ್ಸು ಹತ್ತಿದರು.

ಗಿರಣಿ ಟೀಮಿನ ಮ್ಯಾನೇಜರು ಕೊಂಡಪ್ಪನವರು ಬಂದವರನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಗಂಗುಲಪ್ಪನ ಮುಂದೆ ಬಂದು, “ನೀನು ಆಟ ನೋಡಕ್ಕೆ ಬಂದಿದೀಯೇನಪ್ಪ?” ಎಂದು ಕೇಳಿದರು.

“ಆಡಕ್ಕೆ ಸಾರ್. ಗಾರ್ಡು.”

“ಇಲ್ಲಿ ಬೆಂಗಳೂರು, ಮದ್ರಾಸ್ ಟೀಮುಗಳ ಎದುರಿಗೆ ನಿಲ್ಲಬೇಕಪ್ಪ. ಬೇಜಾರು ಮಾಡ್ಕೋಬೇಡ, ಹೋಗಿ ಬಾ.”

ಅವನ ಕೈಗೆ ಚೆಂಡನ್ನೂ ಕೊಡಲಿಲ್ಲ. ಚೆನ್ನರಾಯಪ್ಪನನ್ನು ಅಲ್ಲೇ ಆರಿಸಿಕೊಂಡರು.

ಬಸ್‌ಸ್ಟ್ಯಾಂಡಿನಲ್ಲಿ ಚೆನ್ನರಾಯಪ್ಪ, “ನಾನೂ ಸೇರಲ್ಲ ಕಣೋ. ನೀನಿಲ್ದೆ ನಂಗೆ ಚೆಂಡು ಕೊಡೋರ್ಯಾರು?” ಎಂದ.

“ಹುಚ್ಚು ಮಾತಾಡಬೇಡ. ಇಬ್ಬರಲ್ಲಿ ಒಬ್ಬರಾದ್ರೂ ಒಳಗಿರೋಣ” ಎಂದು ಗಂಗುಲಪ್ಪ ಗದರಿದ. ಬಸ್ಸಿನಲ್ಲಿ ಒಬ್ಬನೇ ಕೂತ ಮೇಲೆ ಕಣ್ಣು ಒದ್ದೆಯಾಯಿತು. ಆ ಬೇಸಿಗೆಯೆಲ್ಲ ಅವನು ಚೆಂಡು ಮುಟ್ಟಲಿಲ್ಲ.

ಜೂನ್‌ನಲ್ಲಿ ಚಿಂತಾಮಣಿಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರ ಕೆಲಸ ಸಿಕ್ಕಿತು. ಕೆಲಸ ಅವನಿಗೆ ಹಿಡಿಸಿತು. ಶಾಲೆಯ ಹಿಂದೆ ಬಳಕೆಯಿಲ್ಲದೆ ತುಕ್ಕು ಹಿಡಿದ ಬ್ಯಾಸ್ಕೆಟ್‌ಬಾಲ್ ಕಂಬಗಳಿದ್ದವು. ಒಂದು ಸಂಜೆ ಸುಮ್ಮನೆ ನಿಂತು ಅವನ್ನು ನೋಡಿದ. ಮಾರನೆಯ ದಿನ ಚೆಂಡು ತಂದ. ಜವಳಿ ಅಂಗಡಿಯವನೊಬ್ಬ, ಬ್ಯಾಂಕಿನ ಗುಮಾಸ್ತರಿಬ್ಬರು, ಬಸ್ ಏಜೆಂಟನೊಬ್ಬ, ಹೀಗೆ ಊರಿನ ಯುವಕರು ಒಬ್ಬೊಬ್ಬರಾಗಿ ಸೇರಿಕೊಂಡರು. ಯಾರೂ ಉದ್ದದವರಲ್ಲ. ಅದಕ್ಕೇ ಎಲ್ಲರಿಗೂ ಅವನು ಓಡುವುದನ್ನೂ ಚೆಂಡು ಕದಿಯುವುದನ್ನೂ ಕಲಿಸಿದ.

ಆ ನಡುವೆ ಮುರುಗಮಲ್ಲದ ನಲ್ಲಪ್ಪನವರ ಮಗಳು ಯಶೋದಮ್ಮನ ಜೊತೆ ಮದುವೆ ನಿಶ್ಚಯವಾಯಿತು. ನಲ್ಲಪ್ಪನವರು ಹೊಲಮನೆ ಚೆನ್ನಾಗಿದ್ದ ರೈತರು; ಅಳಿಯ ಮೇಷ್ಟ್ರೆಂದು ಹೇಳಿಕೊಳ್ಳುವುದರಲ್ಲಿ ಅವರಿಗೆ ಬಹಳ ಖುಷಿ.

ಅರವತ್ಮೂರರ ಜನವರಿಯಲ್ಲಿ ಚಿಂತಾಮಣಿಯಲ್ಲಿ ಟೂರ್ನಮೆಂಟು ನಡೆಯಿತು. ಗೌರಿಬಿದನೂರಿನ ಗಿರಣಿ ಟೀಮೂ ಬಂತು. ಫೈನಲ್ಲಿನಲ್ಲಿ ಅವರ ಎದುರಿಗೆ ನಿಂತದ್ದು ಗಂಗುಲಪ್ಪ ಕಟ್ಟಿದ ಊರ ಟೀಮು. ಹೆಂಗಸರಿಗೆಂದು ಶಾಲೆಯ ಜಗಲಿಯಲ್ಲಿ ಚಾಪೆ ಹಾಸಿದ್ದರು. ಅಲ್ಲಿ ತನ್ನ ಅತ್ತಿಗೆಯ ಪಕ್ಕದಲ್ಲಿ ಯಶೋದಮ್ಮನೂ ಕೂತಿದ್ದಳು.

ಗಿರಣಿಯ ಗಾರ್ಡು ಬೆಂಗಳೂರಿನವನು, ಎತ್ತರದವನು. ಚೆಂಡು ಸಿಕ್ಕಿದರೆ ಯಾರಿಗೂ ಕೊಡದೆ ತಾನೇ ಎಸೆಯುವವನು. ಗಂಗುಲಪ್ಪ ಅವನ ಮೊಣಕಾಲಿನ ಹತ್ತಿರ ನೆರಳಿನ ಹಾಗೆ ಅಂಟಿಕೊಂಡ. ಚೆಂಡು ನೆಲಕ್ಕೆ ಬಡಿದು ಮೇಲೇಳುವುದರೊಳಗೆ ಅದು ಇವನ ಕೈಯಲ್ಲಿರುತ್ತಿತ್ತು. ಆ ಕಡೆಯಿಂದ ಜವಳಿ ಅಂಗಡಿಯವನು ಓಡಿಬಂದು ಬುಟ್ಟಿಗೆ ಹಾಕುತ್ತಿದ್ದ. ಅರ್ಧ ಆಟಕ್ಕೆ ಊರ ಟೀಮೇ ಮುಂದಿತ್ತು! ಜನ ಕಾಂಪೌಂಡು ಹತ್ತಿ ಕೂಗುತ್ತಿದ್ದರು. ಕೊನೆಗೆ ಊರವರಿಗೆ ದಮ್ಮು ಸಾಲದೆ ಹೋಯಿತು. ಚೆನ್ನರಾಯಪ್ಪ ಹಾಕಿದ ಕಟ್ಟಕಡೆಯ ಬುಟ್ಟಿಯಿಂದ ಗಿರಣಿ ಗೆದ್ದಿತು. ಹಾಕಿದವನೇ ಓಡಿಬಂದು ಗಂಗುಲಪ್ಪನನ್ನು ಎತ್ತಿಕೊಂಡು ಕುಣಿದ.

“ಕೇಳಿ ಸಾರ್,” ಎಂದು ಅವನು ಕೊಂಡಪ್ಪನವರನ್ನು ಕೂಗಿ ಕರೆದ, “ಇವನು ಕಾಲೇಜಲ್ಲಿ ಒಂದು ಸಂಜೆಗೆ ಕೊಡ್ತಿದ್ದಷ್ಟು ಚೆಂಡು, ಗಿರಣೀಲಿ ನಂಗೆ ಒಂದು ತಿಂಗಳಿಗೂ ಸಿಕ್ಕಿಲ್ಲ!”

ಕೊಂಡಪ್ಪನವರು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದರು. “ಅವತ್ತು ನೀನು ನಿಂತಿದ್ದನ್ನ ನೋಡ್ದೆ ಕಣಪ್ಪ, ಓಡೋದನ್ನ ನೋಡ್ಲಿಲ್ಲ. ನಂದೇ ತಪ್ಪು. ಏಪ್ರಿಲ್‌ನಲ್ಲಿ ಬಂದು ಸೇರ್ಕೋತೀಯಾ?”

ಗಂಗುಲಪ್ಪ ಒಪ್ಪಿಕೊಳ್ಳಲು ಬಾಯಿ ತೆರೆದವನು, ಜಗಲಿಯ ಕಡೆ ನೋಡಿ, “ಮನೇಲಿ ಕೇಳಿ ಹೇಳ್ತೀನಿ ಸಾರ್” ಎಂದ.

ಕೇಳಿದ್ದೇ ತಡ, ಮುರುಗಮಲ್ಲದ ಮನೆಯಲ್ಲಿ ನಲ್ಲಪ್ಪನವರು ಎದ್ದು ನಿಂತರು. “ಮೇಷ್ಟ್ರು ಅಂತ ಹೆಣ್ಣು ಕೊಡಕ್ಕೆ ಒಪ್ಕೊಂಡೆ. ಈಗ ಚೆಂಡಾಡೋ ಕೆಲಸ ಅಂದ್ರೆ? ಮೊಣಕಾಲು ಕಾಣೋ ಚಡ್ಡಿ ಹಾಕ್ಕೊಂಡು ಊರೂರು ತಿರುಗೋನಿಗಾ?”

ಮಗನ ಜೊತೆ ಬಂದಿದ್ದ ಆವಲಪ್ಪನವರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಒಳಗಿನಿಂದ ಯಶೋದಮ್ಮ ಹೊಸಿಲಿನವರೆಗೆ ಬಂದಳು. “ಅಪ್ಪಾ, ನಾನು ಆಟ ನೋಡಿದೀನಿ. ಅವರನ್ನ ಅಷ್ಟು ಸಲ ತಳ್ಳಿ ಕೆಡವಿದ್ರು. ಒಬ್ರ ಮೇಲೂ ರೇಗಲಿಲ್ಲ. ಎದ್ದು ಚಡ್ಡಿ ಕೊಡವಿಕೊಂಡು ಮತ್ತೆ ಓಡಿದ್ರು. ನಂಗೆ ಅಷ್ಟು ಸಾಕು.”

ನಲ್ಲಪ್ಪನವರು ಮಗಳನ್ನೂ ಬೀಗರನ್ನೂ ನೋಡಿದರು. “ಸರಿಯಮ್ಮ. ಒಪ್ಕೊಂಡೋಳೂ ನೀನೇ, ಅನುಭವಿಸೋಳೂ ನೀನೇ” ಎಂದು ಗೊಣಗುತ್ತ ಕೂತರು. ಕಾಫಿ ಬಂತು.

ಮದುವೆಯಾಗಿ ಗಿರಣಿಯ ಕ್ವಾರ್ಟರ್ಸಿಗೆ ಬಂದ ಮೇಲೆ ಮೊದಲ ಕೆಲವು ತಿಂಗಳು ಕಷ್ಟವಾದವು. ಟೀಮು ಕೊಟ್ಟ ಬನಿಯನ್ ಅವನ ಮೊಣಕಾಲಿಗೆ ಬರುತ್ತಿತ್ತು. ಯಶೋದಮ್ಮ ಮಡಿಚಿ ಹೊಲಿದುಕೊಟ್ಟಳು. ಸಿಮೆಂಟಿನ ಮೇಲೆ ಬಿದ್ದರೆ ಚರ್ಮವೇ ಕಿತ್ತುಬರುತ್ತಿತ್ತು. ಮದ್ರಾಸಿನಲ್ಲಿ ಆಡಿದ ಮೊದಲ ಪಂದ್ಯದಲ್ಲಿ ಎದುರಾಳಿ ಗಾರ್ಡು ಅವನ ತಲೆಯ ಮೇಲಿಂದಲೇ ಚೆಂಡು ಎಸೆಯುತ್ತ ಹೋದ. ಅರ್ಧ ಆಟಕ್ಕೆ ಕೊಂಡಪ್ಪನವರು ಇವನನ್ನು ಬೆಂಚಿನ ಮೇಲೆ ಕೂರಿಸಿದರು. ಗೌರಿಬಿದನೂರಿಗೆ ವಾಪಸು ಬಂದವನೇ ದೂರದಿಂದ ಎಸೆಯುವುದನ್ನು ಹೊಸದಾಗಿ ಕಲಿಯತೊಡಗಿದ. ಹತ್ತಿರ ಬಂದರೆ ಸುತ್ತಿ ಹೋಗುತ್ತಾನೆ, ದೂರ ನಿಂತರೆ ಎಸೆಯುತ್ತಾನೆ ಎಂದು ಎದುರಿನವರು ತಬ್ಬಿಬ್ಬಾಗುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಆಮೇಲೆ ಅವನನ್ನು ಬಿಟ್ಟು ಗಿರಣಿ ಟೀಮು ಆಡಿದ್ದು ಕಡಿಮೆ. ರಾಜ್ಯದ ಟೀಮಿಗೆ ಅವನನ್ನು ಕರೆಯಲೇ ಇಲ್ಲ. ಅದನ್ನು ಯಾರಾದರೂ ಎತ್ತಿದರೆ, “ನಮ್ಮ ಚೆನ್ನರಾಯಪ್ಪ ಹೋಗಿದಾನಲ್ಲ” ಎನ್ನುತ್ತಿದ್ದ. ಆ ಮಾತಿನಲ್ಲಿ ನೋವಿಗಿಂತ ಹೆಮ್ಮೆಯೇ ಹೆಚ್ಚಿರುತ್ತಿತ್ತು.

ಅರವತ್ತೈದರಲ್ಲಿ ಬೆಂಗಳೂರಿನ ದೊಡ್ಡ ಟೀಮೊಂದು ಗೌರಿಬಿದನೂರಿಗೆ ಆಡಲು ಬಂತು. ಮೊಮ್ಮಗಳನ್ನು ನೋಡಲು ಬಂದಿದ್ದ ನಲ್ಲಪ್ಪನವರು, ಮನೆಯಲ್ಲಿ ಸುಮ್ಮನೆ ಕೂರಲಾರದೆ ಆಟಕ್ಕೆ ಬಂದರು. ಮೊದಲು ಕೈಕಟ್ಟಿ ಕೂತಿದ್ದವರು ಸ್ವಲ್ಪ ಹೊತ್ತಿಗೆ ಎದ್ದು ನಿಂತು, “ಪಟ್ಕೋರಾ! ಅಳಿಯಾ, ಪಟ್ಕೋ! ಹಿಡ್ಕೋ!” ಎಂದು ಕೂಗತೊಡಗಿದರು. ಯಾರೋ ಇವನನ್ನು ತಳ್ಳಿದಾಗ ರೆಫ್ರಿ ಸೀಟಿ ಊದದಿದ್ದಕ್ಕೆ ಒಳಗೆ ನುಗ್ಗಲು ಹೋದ ಅವರನ್ನು, ಆಟ ನೋಡಲು ಊರಿನಿಂದ ಬಂದಿದ್ದ ಆವಲಪ್ಪನವರು ಪಂಚೆ ಹಿಡಿದು ಕೂರಿಸಿದರು. ಗಿರಣಿ ಟೀಮು ಗೆದ್ದಿತು. ಬುಟ್ಟಿಗಳಲ್ಲಿ ಹೆಚ್ಚಿನವು ಚೆನ್ನರಾಯಪ್ಪನವು. ಚೆಂಡು ಕೊಟ್ಟವನು ಗಂಗುಲಪ್ಪ.

ಮನೆಗೆ ನಡೆದು ಬರುವಾಗ ನಲ್ಲಪ್ಪನವರು ಅಳಿಯನ ಪಕ್ಕಕ್ಕೆ ಬಂದರು. “ಅಲ್ಲಪ್ಪ, ಅಷ್ಟು ಕಷ್ಟಪಟ್ಟು ಕಿತ್ಕೊಂಡು ಬರ್ತೀಯ. ಬಂದು ಆ ಉದ್ದದೋನ ಕೈಗೆ ಕೊಟ್ಬಿಡ್ತೀಯಲ್ಲ. ನೀನೇ ಹಾಕಬಾರದಾ?”

“ಮಾವ, ಅವನು ಬಳೆ ಪಕ್ಕದಲ್ಲೇ ಇರ್ತಾನಲ್ಲ.”

“ಆದ್ರೂ ಚಪ್ಪಾಳೆ ಅವನಿಗೆ ಬೀಳ್ತದೆ.”

“ನಂಗೂ ಕೇಳಿಸ್ತದೆ ಮಾವ” ಎಂದು ಗಂಗುಲಪ್ಪ ನಕ್ಕ.

ನಲ್ಲಪ್ಪನವರಿಗೆ ಸಮಾಧಾನವಾಗಲಿಲ್ಲ. ಕ್ವಾರ್ಟರ್ಸಿನ ಬಾಗಿಲಲ್ಲಿ ಮಗಳು ಕೈಕಾಲಿಗೆ ನೀರು ತಂದಿಟ್ಟಾಗಲೂ, “ಮುಂದಿನ ಸಲ ಒಂದೆರಡಾದ್ರೂ ನೀನೇ ಹಾಕು, ನಮ್ಮೂರೋರ್ನೂ ಕರ್ಕೊಂಡು ಬರ್ತೀನಿ” ಎನ್ನುತ್ತಲೇ ಇದ್ದರು. ಒಳಗೆ ಚೆನ್ನರಾಯಪ್ಪ ಆಗಲೇ ಬಂದು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಒಲೆಯ ಮೇಲೆ ಅವರೆಕಾಳಿನ ಸಾರು ಕುದಿಯುತ್ತಿತ್ತು.